ಮೀನಾಳ ಅಡುಗೆಮನೆಯ ಗಾಳಿ

ಅನಿತಾಳಿಗೆ ಹೊಟ್ಟೆಕಿಚ್ಚು ಇತ್ತೇ ಎಂದು ದಬ್ಬೇಘಟ್ಟದ ಸುತ್ತ ಯಾರನ್ನು ಕೇಳಿದರೂ ನಗುತ್ತಾರೆ. ಯಾವತ್ತು ಇರಲಿಲ್ಲ ಎಂದು ಕೇಳಬೇಕು. ಎಂಟು ವರ್ಷದ ಹಿಂದೆ ಅವಳ ಮಾವ ಶ್ರೀರಂಗಯ್ಯ ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡಿಕೊಟ್ಟರು. ತೋಟ ಸರಿಸಮ, ಹೊಲ ಸರಿಸಮ, ದನ ಸರಿಸಮ. ಆದರೆ ಮನೆಯ ನಡುವೆ ಗೋಡೆ ಎಬ್ಬಿಸಿದಾಗ ಅಟ್ಟ ಪೂರ್ತಿ ಹಿರಿಯ ಮಗ ತಿಮ್ಮರಾಜುವಿನ ಕಡೆಗೆ ಹೋಯಿತು. ತೊಲೆ ಒಂದೇ, ಅಟ್ಟವನ್ನು ಕೊಯ್ದು ಹಂಚಲಿಕ್ಕೆ ಅದೇನು ಹಲಸಿನ ಹಣ್ಣೇ ಎಂದರು ಮಾವ. ಕಿರಿಯವನಾದ ರಂಗರಾಜುವಿಗೆ ಅದರ ಬದಲು ರಸ್ತೆ ಕಡೆಯ ಎರಡು ಕೋಣೆ ಸಿಕ್ಕವು. ರಂಗರಾಜು ಆಗಲಿ ಎಂದು ತಲೆ ಆಡಿಸಿದ. ಅವನ ಹೆಂಡತಿ ಅನಿತಾ ಅವತ್ತಿನಿಂದ ಇವತ್ತಿನವರೆಗೂ ಆಡಿಸಿಲ್ಲ.

ಈ ಸೀಮೆಯಲ್ಲಿ ಅಟ್ಟ ಎಂದರೆ ಮುರಿದ ಮೊರ, ಹಳೆ ಚಾಪೆ ಎಸೆಯುವ ಜಾಗವಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುತ್ತದೆ. ಮಳೆಗಾಲದ ಥಂಡಿಗೆ ಕಾಯಿ ಕೆಡದಿರಲೆಂದು ಕೆಳಗೆ ತೆಂಗಿನ ಮಟ್ಟೆ ಸುಟ್ಟು ಹೊಗೆ ಹಾಕುತ್ತಾರೆ. ತಿಮ್ಮರಾಜುವಿನ ಹೆಂಡತಿ ಮೀನಾಳ ಅಡುಗೆಮನೆ ಅಟ್ಟದ ಕೆಳಗೇ ಇತ್ತು. ಒಲೆಯ ಹೊಗೆ ಒಂದು ಕಡೆ, ಮಟ್ಟೆಯ ಹೊಗೆ ಒಂದು ಕಡೆ. ಅವಳ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಹೆಸರಿತ್ತು. ಅನಿತಾಳ ಕಾಯಿ ಅಂಗಳದಲ್ಲಿ ರಾಶಿ ಬಿದ್ದು ಹಸಿಯಾಗಿಯೇ ಲಾರಿ ಹತ್ತುತ್ತಿತ್ತು.

"ಅವ್ಳ ತಲೆ ಮೇಲೆ ಹತ್ತು ಸಾವ್ರ ಕಾಯಿ, ನನ್ ತಲೆ ಮೇಲೆ ಸಿಮೆಂಟ್ ಶೀಟು" ಎಂದು ಅನಿತಾ ಹಾಲಿನ ಡೈರಿಯ ಸಾಲಿನಲ್ಲಿ ನಿಂತು ಹೇಳದ ದಿನವಿಲ್ಲ. ಗ್ಯಾಸ್ ಒಲೆ, ಹೊಸ ಟೈಲ್ಸು, ಎರಡು ಕಿಟಕಿ ಇದ್ದ ಅಡುಗೆಮನೆ ಅವಳದು. ಅದು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಗೋಡೆಯಾಚೆಯಿಂದ ಮಟ್ಟೆ ಹೊಗೆಯ ವಾಸನೆ ಬಂದರೆ ಸಾಕು, ಬಾಯಿಗಿಟ್ಟ ತುತ್ತು ಅಲ್ಲೇ ನಿಲ್ಲುತ್ತಿತ್ತು.

ಆ ಮನೆಯ ಒಂದೇ ಒಂದು ಜೀವದ ಮೇಲೆ ಅವಳಿಗೆ ಕಿಚ್ಚಿರಲಿಲ್ಲ. ಅದು ಮೀನಾಳ ಮಗಳು ಪದ್ದು. ಸಂಪಿಗೆ ಊರಿನ ಶ್ರೀನಿವಾಸನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗುವಾದ್ದರಿಂದ ಪದ್ಮಾವತಿ ಎಂದು ಹೆಸರಿಟ್ಟಿದ್ದರು. ಒಂಬತ್ತು ವರ್ಷದ ಹುಡುಗಿ ಬೆಳಗಾದರೆ ಬಾಚಣಿಗೆ ಹಿಡಿದು "ಚಿಕ್ಕಮ್ಮ, ಜಡೆ" ಎಂದು ಬಂದು ಕೂರುತ್ತಿತ್ತು. ಮೀನಾ ಹಾಕುವ ಜಡೆ ಸಡಿಲವಂತೆ. ಇದನ್ನು ಕೇಳಿದಾಗೆಲ್ಲ ಅನಿತಾಳಿಗೆ ಅರ್ಧ ಅಟ್ಟ ಸಿಕ್ಕಷ್ಟು ಖುಷಿಯಾಗುತ್ತಿತ್ತು.

ಇಂಥ ಮನೆಗೆ ಪವಿತ್ರಾ ಬಂದಳು. ತುರುವೇಕೆರೆಯ ಹುಡುಗಿ, ನರ್ಸಿಂಗ್ ಓದಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದಳು. ನಾಲ್ಕು ಹೋಬಳಿಯ ಎಂಟುನೂರು ಮಕ್ಕಳ ಎತ್ತರ, ತೂಕ, ಉಸಿರು ಮೂರು ವರ್ಷ ಬರೆದುಕೊಳ್ಳುವುದು ಅವರ ಕೆಲಸ. ಕಾಯಿಲೆಯೇ ಇಲ್ಲದ ಮಕ್ಕಳನ್ನು ಯಾಕೆ ಅಳೆಯುತ್ತೀರಿ ಎಂದು ಅತ್ತೆ ಭೂತಮ್ಮ ಕೇಳಿದರು.

"ಒಂದು ಮಗು ಕೆಮ್ಮಿದ್ರೆ ನೆಗಡಿ ಅಂತ ಸುಮ್ನಾಗ್ತೀವಿ ಅಜ್ಜಿ. ಎಂಟುನೂರು ಮಕ್ಕಳದ್ದು ಬರ್ಕೊಂಡ್ರೆ ಎಂಥಾ ಮನೆ ಮಕ್ಕಳು ಜಾಸ್ತಿ ಕೆಮ್ತಾರೆ ಅನ್ನೋದು ಕಾಣುತ್ತೆ. ಆವಾಗ ಯಾತಕ್ಕೆ ಅಂತ ಹುಡುಕ್ಬೋದು" ಎಂದಳು ಪವಿತ್ರಾ.

ಅವಳ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಕೊಳವೆ ಇತ್ತು. ಮಕ್ಕಳು ಎದೆ ತುಂಬ ಉಸಿರೆಳೆದು ಒಂದೇ ಏಟಿಗೆ ಊದಬೇಕು, ಮುಳ್ಳು ಎಲ್ಲಿಗೆ ಹೋಗಿ ನಿಂತಿತೋ ಅದನ್ನು ಅವಳು ಬರೆದುಕೊಳ್ಳುವಳು. ಅನಿತಾಳ ಮಗ ಸಿದ್ದಾರ್ಥ್, ಎಂಟು ವರ್ಷದವನು, ಇನ್ನೂರ ನಲವತ್ತು ಊದಿದ. ಅವನಿಗಿಂತ ಒಂದು ವರ್ಷ ದೊಡ್ಡವಳಾದ ಪದ್ದು ಮೂರು ಸಲ ಊದಿದರೂ ನೂರ ತೊಂಬತ್ತು ದಾಟಲಿಲ್ಲ. ಅನಿತಾ ಆ ಎರಡು ಸಂಖ್ಯೆಯನ್ನು ಅವತ್ತೇ ಡೈರಿಗೆ ಮುಟ್ಟಿಸಿದಳು. ಮಗ ಜಿಲ್ಲೆಗೇ ಮೊದಲು ಬಂದಿದ್ದರೂ ಅಷ್ಟು ಹೇಳಿಕೊಳ್ಳುತ್ತಿರಲಿಲ್ಲ.

ಖುಷಿ ಬಹಳ ದಿನ ಬಾಳಲಿಲ್ಲ. ಪದ್ದು ಕಡಿಮೆ ಊದಿದ್ದಕ್ಕೆ ಪವಿತ್ರಾ ತಿಂಗಳು ತಿಂಗಳೂ ಮೀನಾಳ ಬಾಗಿಲಿಗೇ ಬರತೊಡಗಿದಳು. ಚೆನ್ನಾಗಿ ಊದಿದ ಸಿದ್ದಾರ್ಥನ ಕಡೆಗೆ ಮೂರು ತಿಂಗಳಿಗೊಮ್ಮೆ ಬಂದು, ಶಹಬ್ಬಾಸ್ ಎಂದು ಹೋಗಿಬಿಡುವಳು. ಆಚೆ ಕಡೆ ಎಳನೀರು ಕೊಚ್ಚುವ ಸದ್ದು, ನಗು. ಗೆದ್ದವನ ಮನೆಗೆ ಯಾರೂ ಇಲ್ಲ, ಸೋತವಳ ಮನೆಯಲ್ಲಿ ಹಬ್ಬ. ಇದು ಯಾವ ನ್ಯಾಯ ಎಂದು ಅನಿತಾ ಒಳಗೊಳಗೇ ಬೇಯುತ್ತಿದ್ದಳು. ಆಮೇಲೆ ಯಂತ್ರದ ಸುದ್ದಿ ಬಂತು. ಹತ್ತು ಮನೆಗೊಂದರಂತೆ ಚೀಟಿ ಎತ್ತಿ, ಆ ಮನೆಯ ಅಡುಗೆಮನೆಯಲ್ಲಿ ಗಾಳಿ ಅಳೆಯುವ ಯಂತ್ರವನ್ನು ಒಂದು ಹಗಲು ಒಂದು ರಾತ್ರಿ ಇಡುತ್ತಾರಂತೆ. ಚೀಟಿ ಬಂದಿದ್ದು ಪದ್ಮಾವತಿಯ ಹೆಸರಿಗೆ.

"ಚೀಟಿಯಂತೆ ಚೀಟಿ" ಎಂದಳು ಅನಿತಾ ಗಂಡನಿಗೆ. "ಎಳ್ನೀರು ಕುಡ್ದೋರು ಇನ್ಯಾರ ಹೆಸ್ರು ಎತ್ತಾರು."

ಆಷಾಢದಲ್ಲಿ ಮೀನಾ ಗಂಡ, ಮಗಳು, ಅತ್ತೆ ಮಾವಂದಿರನ್ನು ಕರೆದುಕೊಂಡು ಸಂಪಿಗೆಗೆ ಹರಕೆ ಒಪ್ಪಿಸಲು ಹೋದಳು. ಅಲ್ಲಿಂದ ಎರಡು ದಿನ ತವರಿಗೆ. ಹೋಗುವಾಗ ಬೀಗದ ಕೈಯನ್ನು ಅನಿತಾಳಿಗೇ ಕೊಟ್ಟಳು. ಓರಗಿತ್ತಿಯರಲ್ಲಿ ಎಷ್ಟೇ ಮುನಿಸಿದ್ದರೂ ಹಸು ಹಸಿದುಕೊಂಡಿರಬಾರದಲ್ಲ. "ಬೆಳಿಗ್ಗೆ ಸಂಜೆ ಎರಡು ಮಟ್ಟೆ ಹೊಗೆ ಹಾಕ್ಬುಡು ಕಣೇ, ಮಳೆ ಹಿಡ್ದದೆ" ಎಂದು ಹೇಳಿ ಬಸ್ಸು ಹತ್ತಿದಳು.

ಮಾರನೆಯ ದಿನವೇ ಯಂತ್ರ ಬಂತು. ತಂದವಳು ಪವಿತ್ರಾ ಅಲ್ಲ, ಭೀಮರಾಜು ಎಂಬ ಹೊಸಬ. ಮೂರು ತಿಂಗಳಿಗೆಂದು ಕೆಲಸಕ್ಕೆ ಸೇರಿದ್ದ, ಊರೂ ಗೊತ್ತಿರಲಿಲ್ಲ, ಜನರೂ ಗೊತ್ತಿರಲಿಲ್ಲ. ಪಾಲಾಗಿದ್ದರೂ ಎರಡು ಮನೆಗೂ ಪಂಚಾಯ್ತಿಯ ನಂಬರು ಒಂದೇ, ನಲವತ್ತೇಳು. ತೆರೆದಿದ್ದ ಅನಿತಾಳ ಬಾಗಿಲಿನ ಮುಂದೆ ಅವನು ಸ್ಕೂಟರ್ ನಿಲ್ಲಿಸಿ, "ಪದ್ಮಾವತಿ ಮನೆ ಇದೇನಾ ಅಕ್ಕ?" ಎಂದ.

ಬೀಗದ ಕೈ ಅನಿತಾಳ ಸೊಂಟದಲ್ಲೇ ಇತ್ತು. ಪಕ್ಕದ ಬಾಗಿಲು ತೆಗೆದು, ಇಲ್ಲಿಡಪ್ಪ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬೆಳಿಗ್ಗೆ ತಾನೇ ಹಾಕಿದ ಮಟ್ಟೆ ಹೊಗೆ ಹೆಂಚಿನ ಸಂದಿಯಿಂದ ಏಳುತ್ತಿರುವುದೂ ಕಾಣುತ್ತಿತ್ತು. ಅನಿತಾ ಅದನ್ನು ನೋಡಿದಳು, ಅವನ ಕೈಯಲ್ಲಿದ್ದ ಬಿಳಿ ಪೆಟ್ಟಿಗೆಯನ್ನು ನೋಡಿದಳು.

"ಹೂಂ ಕಣಪ್ಪ, ಇದೇ" ಎಂದಳು.

ಅವನು ಅವಳ ಗ್ಯಾಸ್ ಒಲೆಯ ಹತ್ತಿರ ಪೆಟ್ಟಿಗೆ ಇಟ್ಟು, ಸಣ್ಣ ಫ್ಯಾನು ತಿರುಗುವಂತೆ ಮಾಡಿ, ಕಾಗದ ಮುಂದೆ ಹಿಡಿದ. ಅನಿತಾ ಮೀನಾ ಎಂದು ಸಹಿ ಹಾಕಿದಳು. ಗಾಳಿ ತಾನೆ, ಗೋಡೆ ಆಚೆಗೊಂದು ಈಚೆಗೊಂದು ಇರುತ್ತದೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ಮಳೆಯೆಂದು ಸಿದ್ದಾರ್ಥನನ್ನು ತನ್ನ ತವರಿಗೆ ಕಳಿಸಿದ್ದಳು, ರಂಗರಾಜು ಇಂಥದ್ದನ್ನು ಕೇಳುವ ಗಂಡಸೇ ಅಲ್ಲ. ಒಂದು ಹಗಲು ಒಂದು ರಾತ್ರಿ ಅವಳು ಆ ಪೆಟ್ಟಿಗೆಯ ಸುತ್ತ ಮದುವೆ ಮನೆಯಲ್ಲಿ ಓಡಾಡುವ ಹಾಗೆ ಓಡಾಡಿದಳು. ಒಗ್ಗರಣೆ ಸೀಯಬಾರದೆಂದು ಮೊಸರನ್ನದಲ್ಲೇ ಎರಡು ಹೊತ್ತು ಕಳೆದಳು.

ಮೀನಾ ವಾಪಸು ಬಂದಾಗ, "ಯಂತ್ರದೋರು ಬಂದಿದ್ರು ಕಣಕ್ಕ, ಬೀಗದ ಕೈ ಇತ್ತಲ್ಲ, ನಾನೇ ಇಡಿಸ್ದೆ" ಎಂದಳು. ಮೀನಾ ಸಂಪಿಗೆಯ ಪ್ರಸಾದವನ್ನು ಎರಡು ಪಾಲು ಹೆಚ್ಚೇ ಕೊಟ್ಟು, "ನೀನಿದ್ದೆ, ಆಯ್ತು" ಎಂದಳು. ಎಂಟು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು ಅದು. ಅನಿತಾ ಅದನ್ನೂ ಪ್ರಸಾದದ ಜೊತೆ ನುಂಗಿದಳು.

ಶ್ರಾವಣದಲ್ಲಿ ಕಾಗದ ಬಂತು. ಪವಿತ್ರಾ ಅದನ್ನು ಜಗಲಿಯ ಮೇಲೆ ಕೂತು ಓದಿದಳು. ಮೀನಾ ಅವರ ಅಡುಗೆಮನೆಯ ಗಾಳಿ ಬಹಳ ಚೆನ್ನಾಗಿದೆ, ಇದುವರೆಗೆ ಅಳೆದ ನಲವತ್ತು ಮನೆಗಳಲ್ಲಿ ಎರಡನೆಯ ಸ್ಥಾನ. ಪವಿತ್ರಾಳಿಗೇ ಆಶ್ಚರ್ಯ. "ಹೊಗೆ ಹಾಕೋ ಅಟ್ಟದ ಮನೆ ಬರೀ ಏಳು ಸಿಕ್ಕಿವೆ. ಆರರಲ್ಲಿ ಗಾಳಿ ಕೆಟ್ಟಿದೆ, ಇದೊಂದರಲ್ಲಿ ಹಿಂಗೆ. ಹೆಂಚಿನ ಸಂದೀಲಿ ಹೊಗೆ ಹೋಗ್ತಿರ್ಬೇಕು ಅಂತಾರೆ ನಮ್ಮ ಸಂಸ್ಥೆ ಡಾಕ್ಟ್ರು" ಎಂದಳು. ಮೀನಾ ಆ ಕಾಗದವನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದಳು, ಬಂದವರಿಗೆಲ್ಲ ತೋರಿಸಿದಳು. ಅನಿತಾ ಬಾಗಿಲಲ್ಲಿ ನಿಂತು ನೋಡಿದಳು. ತನ್ನ ಟೈಲ್ಸು, ತನ್ನ ಕಿಟಕಿ, ತಾನು ಒಗ್ಗರಣೆ ಬಿಟ್ಟು ತಿಂದ ಮೊಸರನ್ನ, ಎಲ್ಲದರ ಕೀರ್ತಿ ಮೀನಾಳ ಗೋಡೆಗೆ. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹೊಟ್ಟೆಕಿಚ್ಚು ಪಡುವವರಿಗೆ ದೇವರು ಇದಕ್ಕಿಂತ ಚೆಂದದ ಶಿಕ್ಷೆ ಕೊಡಲಾರ.

ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಪದ್ದುವಿಗೆ ಕೆಮ್ಮು ಹಿಡಿದಿತ್ತು. ಗಾಳಿ ಚೆನ್ನಾಗಿದೆ ಎಂದು ಕಾಗದವೇ ಹೇಳಿದ ಮೇಲೆ ಮೀನಾಳಿಗೆ ಧೈರ್ಯ ಬಂತು. ಮಗುವಿಗೆ ಬೆಚ್ಚಗಿರಲಿ ಎಂದು ಹಾಸಿಗೆಯನ್ನು ನಡುಮನೆಯಿಂದ ತೆಗೆದು ಅಟ್ಟದ ಕೆಳಗೆ, ಒಲೆಯ ಪಕ್ಕಕ್ಕೆ ಹಾಕಿದಳು. ಕೆಮ್ಮು ಜಾಸ್ತಿಯಾಯಿತು. ತುರುವೇಕೆರೆಯ ಡಾಕ್ಟರು ಮನೆಯಲ್ಲಿ ಹೊಗೆಯೇನಾದರೂ ಇದೆಯೇ ಎಂದು ಕೇಳಿದರು, ಮೀನಾ ಕಾಗದ ತೋರಿಸಿದಳು. ಹಾಗಾದರೆ ಮನೆಯ ನಾಯಿಯ ಕೂದಲಿರಬೇಕು ಎಂದರು, ಮೀನಾ ನಾಯಿಯನ್ನು ತೋಟಕ್ಕೆ ಅಟ್ಟಿದಳು. ಹಾಸಿಗೆಯ ಹತ್ತಿಯಿರಬೇಕು ಎಂದರು, ಹಾಸಿಗೆ ಬದಲಾಯಿತು. ಬಾಯಿಗೆ ಹಿಡಿದು ಒತ್ತುವ ಪಂಪು ಕೊಟ್ಟರು. ನೂರ ತೊಂಬತ್ತು ಊದುತ್ತಿದ್ದವಳು ನೂರ ಎಪ್ಪತ್ತಕ್ಕೆ ಇಳಿದಳು, ಆಮೇಲೆ ನೂರ ನಲವತ್ತಕ್ಕೆ. ಆಗ ಪವಿತ್ರಾ ಜಗಲಿಯ ಮೇಲೆ ಎಳನೀರು ಕುಡಿಯುವುದನ್ನು ಬಿಟ್ಟಳು.

ದಸರಾ ರಜೆಯ ಒಂದು ಬೆಳಿಗ್ಗೆ ಪದ್ದು ಬಾಚಣಿಗೆ ಹಿಡಿದು ಬಂತು. ಅಂಗಳದಿಂದ ಬಾಗಿಲಿಗೆ ಹತ್ತು ಹೆಜ್ಜೆ. ಅಷ್ಟರಲ್ಲೇ ನಿಂತು, ಮಂಡಿಗೆ ಕೈ ಊರಿ, ಕುತ್ತಿಗೆಯ ಗುಳಿ ಒಳಕ್ಕೆ ಹೋಗುವ ಹಾಗೆ ಉಸಿರೆಳೆದುಕೊಂಡಿತು. ಜಡೆ ಹಾಕುವಾಗ ಬೆನ್ನಿನೊಳಗೆ ಸುಯ್ ಎನ್ನುವ ಸದ್ದು ಅನಿತಾಳ ಬೆರಳಿಗೇ ತಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಸದ್ದು ಇಳಿಯಿತು.

"ಚಿಕ್ಕಮ್ಮ, ನಿಮ್ಮನೇಲಿ ಉಸ್ರು ಸಲೀಸಾಗಿ ಬತ್ತದೆ" ಎಂದಿತು ಪದ್ದು. "ನಮ್ಮನೇಲಿ ಬರಾಕಿಲ್ಲ."

ನಿಜ ಹೇಳಬೇಕೆಂದರೆ, ಅನಿತಾಳಿಗೆ ಮೊದಲು ಆದದ್ದು ಸಂತೋಷ. ನಮ್ಮನೆ, ನಿಮ್ಮನೆ ಎಂದು ಮಗುವೇ ತೂಗಿ, ತನ್ನ ಕಡೆ ತಟ್ಟೆ ಇಳಿಸಿತ್ತು. ಆ ಸಂತೋಷ ಗಂಟಲಲ್ಲಿರುವಾಗಲೇ ಅವಳಿಗೆ ಕಾಗದದ ನೆನಪಾಯಿತು, ಸಹಿಯ ನೆನಪಾಯಿತು, ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು. ಈ ಮಗುವಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು ಎಂದು ಅವಳಿಗೆ ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಅಟ್ಟ ಬೇಡವಾಯಿತು.

ಅವತ್ತೇ ಬಸ್ಸು ಹತ್ತಿ ತುರುವೇಕೆರೆಗೆ ಹೋಗಿ ಪವಿತ್ರಾಳಿಗೆ ಎಲ್ಲವನ್ನೂ ಹೇಳಿದಳು. ಪವಿತ್ರಾ ಕಡತದಿಂದ ಆ ಸಹಿಯ ಕಾಗದ ಹುಡುಕಿ ತೆಗೆದಳು.

"ಸಹಿ ಮಾಡಿದ್ದೂ ನೀವೇನಾ?" ಎಂದಳು ಅದನ್ನು ತೋರಿಸಿ.

"ನಾನೇ."

"ಏಳು ಅಟ್ಟದ ಮನೇಲಿ ಒಂದು ಸುಳ್ಳು ಅಂದ್ರೆ ಏನು ಗೊತ್ತಾ ಅಕ್ಕ? ಅಟ್ಟದ ಹೊಗೇನೇ ಕಾರಣ ಅಂತ ಗಟ್ಟಿಯಾಗಿ ಹೇಳೋಕೆ ಆಗ್ದೆ ನಮ್ಮ ಡಾಕ್ಟ್ರು ಎರಡು ತಿಂಗಳಿಂದ ಕೂತವ್ರೆ. ಪದ್ದು ಒಬ್ಳಲ್ಲ, ಬೇರೆ ಅಟ್ಟದ ಮನೆ ಮಕ್ಕಳಿಗೂ ನಾವು ಏನೂ ಹೇಳಿಲ್ಲ." ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು. ಭೀಮರಾಜು ಕೆಲಸ ಬಿಟ್ಟು ಹೋಗಿ ತಿಂಗಳಾಗಿತ್ತು, ಅವನನ್ನು ಕೇಳುವ ಹಾಗಿರಲಿಲ್ಲ. "ಯಂತ್ರ ಇನ್ನೊಂದ್ಸಲ ಇಡ್ಬೇಕು. ಅದಕ್ಕೆ ಮೀನಕ್ಕನ ಒಪ್ಪಿಗೆ ಬೇಕು, ಅವ್ರದ್ದೇ ಸಹಿ. ಯಾಕೆ ಅಂತ ನೀವೇ ಹೇಳ್ಬೇಕು."

ಸಂಜೆ ಅನಿತಾ ಮೀನಾಳ ಹೊಸಲಿನ ಮುಂದೆ ನಿಂತಳು. ಮೀನಾ ರಾಗಿ ಕೇರುತ್ತಿದ್ದಳು, ಭೂತಮ್ಮ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅನಿತಾ ನಿಂತಲ್ಲೇ ಹೇಳಿದಳು. ಭೀಮರಾಜು ಬಂದದ್ದು, ಇದೇ ಎಂದದ್ದು, ಸಹಿ ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಮೀನಾಳ ಮೊರ ನಿಂತಿತು.

"ಈಗ ಯಾಕೆ ಹೇಳ್ತಿದೀಯ?"

"ಹೊಗೆ ನಿಲ್ಸಕ್ಕ. ಪದ್ದೂನ ಆ ಅಟ್ಟದ ಕೆಳಗೆ ಮಲಗಿಸ್ಬ್ಯಾಡ."

"ಹಂಗಾದ್ರೆ ಅಟ್ಟ ಖಾಲಿ ಮಾಡು ಅಂತೀಯ" ಎಂದಳು ಮೀನಾ ನಿಧಾನವಾಗಿ. "ಎಂಟು ವರ್ಷದಿಂದ ಅದನ್ನೇ ಅಂತಿದೀಯ, ಇವತ್ತು ದಾರಿ ಬ್ಯಾರೆ. ಆವಾಗ ಸುಳ್ಳು ಹೇಳಿದ್ಯೋ, ಈಗ ಸುಳ್ಳು ಹೇಳ್ತಿದೀಯೋ, ನನಗೆ ಹೆಂಗೆ ಗೊತ್ತಾಗ್ಬೇಕು?"

"ನನಗೆ ಅಟ್ಟ ಬ್ಯಾಡ. ಇನ್ಯಾವತ್ತೂ ಕೇಳಕಿಲ್ಲ, ಬೇಕಾದ್ರೆ ಮಾವನ ಮುಂದೆ ಬರ್ಕೊಡ್ತೀನಿ."

"ಹೊಗೆ ಹಾಕಂಗಿಲ್ಲ ಅಂದ್ಮೇಲೆ ಆ ಅಟ್ಟ ಯಾರಿಗ್ ಬೇಕು? ಕೆಟ್ಟ ಮೇಲೆ ದಾನ ಕೊಡ್ತೀಯ."

ಹೇಳಬಾರದ್ದನ್ನೇ ಆಗ ಅನಿತಾ ಹೇಳಿಬಿಟ್ಟಳು. "ಯಂತ್ರ ಇಟ್ಟು ಗೊತ್ತಾಗೋಗಂಟ ಪದ್ದು ನಮ್ಮನೇಲಿ ಮಲಗ್ಲಿ. ನಮ್ಮನೇಲಿ ಉಸ್ರು ಸಲೀಸು ಅಂತ ಅದೇ ಹೇಳ್ತು."

ಮೀನಾ ಮೊರವನ್ನು ಕೆಳಗಿಟ್ಟಳು. "ಅಟ್ಟ ಆಯ್ತು. ಈಗ ಮಗೀನೂ ಬೇಕಾ ನಿನಗೆ?"

ಭೂತಮ್ಮ ಕೂಡ ಕಿರಿಸೊಸೆಯ ಪರ ಒಂದು ಮಾತಾಡಲಿಲ್ಲ. ಕುಂಬಳಕಾಯಿ ಕದ್ದವಳು ತಾನೇ ಹೆಗಲು ತೋರಿಸಿದರೂ, ಇದರಲ್ಲೂ ಏನೋ ಕಳ್ಳತನವಿದೆ ಎನ್ನುತ್ತದೆ ಲೋಕ. ಅನಿತಾ ವಾಪಸು ಬಂದು ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗಿದಳು.

ಆದರೂ ಮೀನಾ ಎರಡನೆಯ ಕಾಗದಕ್ಕೆ ಸಹಿ ಹಾಕಿದಳು. ಅನಿತಾಳ ಮಾತನ್ನು ನಂಬಿ ಅಲ್ಲ. ನನ್ನ ಮನೆಯ ಗಾಳಿ ಏನೆಂದು ತೋರಿಸುತ್ತೇನೆ ಎಂಬ ಹಟಕ್ಕೆ. ಶುಕ್ರವಾರ ಬೆಳಿಗ್ಗೆ ಪವಿತ್ರಾ ತಾನೇ ಬಂದು ಅಟ್ಟದ ಕೆಳಗೆ ಯಂತ್ರ ಇಟ್ಟಳು, ದಿನಾ ಹೇಗೋ ಹಾಗೇ ಅಡುಗೆ ಮಾಡಿ, ಮಗುವನ್ನು ಮಾತ್ರ ಆಚೆ ಆಡಲು ಬಿಡಿ ಎಂದಳು. ಮೀನಾ ಆಗಲಿ ಎಂದಳು. ಸ್ಕೂಟರಿನ ಸದ್ದು ಮರೆಯಾದ ಮೇಲೆ ಆಚೆಯಿಂದ ಅವಳ ಮಾತು ಗೋಡೆ ದಾಟಿ ಕೇಳಿಸಿತು. "ಇಲ್ಲೇ ಕುಂತಿರು ಮಗ. ಎದ್ದು ಹೋಗ್ಬ್ಯಾಡ. ನಿಮ್ ಚಿಕ್ಕಮ್ಮ ಒಳಗೆ ಬಂದ್ರೆ ಮಾತ್ರ ಓಡ್ಬಂದು ಕರಿ, ನಾನು ಕೊಟ್ಟಿಗೇಲಿರ್ತೀನಿ."

ಅನಿತಾ ತನ್ನ ಅಡುಗೆಮನೆಯಲ್ಲಿ ಕೈ ಕಟ್ಟಿ ನಿಂತಳು. ಕೆಮ್ಮು ಒಂದು ಸಲ ಕೇಳಿಸಿತು. ಮತ್ತೆ ಕೇಳಿಸಿತು. ಮಧ್ಯಾಹ್ನ ಮೋಡ ಕವಿದು ಹಿಂಗಾರು ಹನಿಯತೊಡಗಿತು. ಮೀನಾ ಬಂದು ಇನ್ನೆರಡು ಮಟ್ಟೆ ಹಾಕಿ ಹೋಗಿರಬೇಕು, ಹೊಗೆ ಗೋಡೆಯ ಈಚೆಗೂ ಬಂತು. ಕೆಮ್ಮು ಈಗ ಬಿಡುವೇ ಕೊಡಲಿಲ್ಲ. ತನ್ನಿಂದ ಯಂತ್ರವನ್ನು ಕಾಯಲಿಕ್ಕೆಂದು ಆ ಮಗು ಹೊಗೆಯಲ್ಲಿ ಕೂತಿತ್ತು. ಅನಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮೀನಾಳ ಬಾಗಿಲು ತೆರೆದೇ ಇತ್ತು. ಒಳಗೆ ಮಬ್ಬು. ಪದ್ದು ಮಣೆಯ ಮೇಲೆ ಕೂತು, ಒಂದು ಕೈಯನ್ನು ಬಿಳಿ ಪೆಟ್ಟಿಗೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಕಣ್ಣುಜ್ಜಿಕೊಳ್ಳುತ್ತಿತ್ತು.

"ಪದ್ದು, ಆಚೆಗೆ ಬಾ ಮಗ."

"ನಾನು ಎದ್ರೆ ನೀನು ಯಂತ್ರ ಎತ್ಕೊಂಡು ಹೋಯ್ತೀಯಂತೆ" ಎಂದಿತು ಪದ್ದು. ಬೈಗುಳವೇನಲ್ಲ, ಹೇಳಿಕೊಟ್ಟ ಪಾಠ ಒಪ್ಪಿಸುವ ಹಾಗೆ. "ಚಿಕ್ಕಮ್ಮ, ನೀನು ಒಳಗೆ ಬರ್ಬಾರ್ದಂತೆ. ಬಂದ್ರೆ ನಾನು ಅವ್ವನ ಕರ್ಕಂಡು ಬರ್ಬೇಕಂತೆ."

ಕೊಟ್ಟಿಗೆ ಹಿತ್ತಲಿನಾಚೆ, ತೆಂಗಿನ ಸಾಲು ದಾಟಿ. ಅಲ್ಲಿಗೆ ಹೋಗಿ ಬರಬೇಕೆಂದರೆ ಮಗು ಬಯಲಿಗೆ ಬರಲೇಬೇಕು. ಕಳ್ಳಿ ಎಂದು ಇಡೀ ಊರು ಕೇಳುವ ಹಾಗೆ ಮೀನಾ ಕೂಗುವಳು ಎಂದೂ ಅನಿತಾಳಿಗೆ ಗೊತ್ತಿತ್ತು. ಅವಳು ಹೊಸಲು ದಾಟಿ ಒಳಗೆ ಕಾಲಿಟ್ಟಳು.

ಪದ್ದು ಎದ್ದಿತು. ಒಂದು ಗಳಿಗೆ ಚಿಕ್ಕಮ್ಮನ ಮುಖ ನೋಡಿತು. ಆಮೇಲೆ ಹಿತ್ತಲ ಬಾಗಿಲಿಂದ ಆಚೆ ಓಡಿತು. "ಅವ್ವಾ, ಚಿಕ್ಕಮ್ಮ ಬಂದವ್ಳೆ" ಎಂಬ ಕೂಗು ತೆಂಗಿನ ಸಾಲಿನ ನಡುವೆ ದೂರ ದೂರ ಹೋಯಿತು, ನಡುವೆ ಒಂದೆರಡು ಕೆಮ್ಮು, ಆಮೇಲೆ ಕೆಮ್ಮಿಲ್ಲದ ಕೂಗು.

ಅನಿತಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎದೆ ಕಟ್ಟುತ್ತಿತ್ತು. ಮಟ್ಟೆಯ ಮೇಲೆ ನೀರು ಹಾಕಲಿಲ್ಲ, ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಹಿತ್ತಲಿನಿಂದ ಮೀನಾ ಓಡಿಬರುವ ಸದ್ದು ಕೇಳಿಸಿತು. ಯಂತ್ರದಿಂದ ಎರಡು ಮಾರು ದೂರಕ್ಕೆ ಸರಿದು, ಎರಡು ಕೈಯೂ ಕಾಣುವ ಹಾಗೆ ಮುಂದೆ ಚಾಚಿಕೊಂಡು, ಅವಳು ಅಲ್ಲೇ ನಿಂತಳು.